ಲಂಡನ್ ಕಾಫಿ ದರವನ್ನು ನಮ್ಮ ಚೀಲದ ಲೆಕ್ಕಕ್ಕೆ ತರುವ ಬಗೆ

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಲೆಯು ಬಹುಮಟ್ಟಿಗೆ ಎರಡು ವಿದೇಶಿ ಮಾರುಕಟ್ಟೆಗಳನ್ನು ಅನುಸರಿಸುತ್ತದೆ: ಅರೇಬಿಕಾದ ದರವು ನ್ಯೂಯಾರ್ಕ್‌ನಲ್ಲಿ ಒಂದು ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದೂ, ರೋಬಸ್ಟಾದ್ದು ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದೂ ಪ್ರಕಟವಾಗುತ್ತದೆ. ಎರಡೂ ಮೊಬೈಲಿನಲ್ಲಿಯೇ ಸಿಗುವುದರಿಂದ, ವ್ಯಾಪಾರಿಯ ಬಳಿ ಹೋಗುವ ಮುನ್ನ ಬೆಳೆಗಾರರು ಲೆಕ್ಕ ಹಾಕಿಕೊಳ್ಳಬಹುದು.

ಲಂಡನ್ ದರವನ್ನು 1,000ದಿಂದ ಭಾಗಿಸಿ, ಅಂದಿನ ಡಾಲರ್ ವಿನಿಮಯ ದರದಿಂದ ಗುಣಿಸಿದರೆ ಒಂದು ಕಿಲೋ ರೋಬಸ್ಟಾ ಬೀಜದ ಬೆಲೆ ಬರುತ್ತದೆ. ದರ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಅದು 340 ರೂಪಾಯಿ. ಆದರೆ ಇದು ಸಿಪ್ಪೆ ತೆಗೆದು ಹಸನುಗೊಳಿಸಿದ ಬೀಜದ ಬೆಲೆ. 50 ಕಿಲೋ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲದಲ್ಲಿ 26 ಕಿಲೋ ಬೀಜ ದೊರೆತರೆ ಚೀಲಕ್ಕೆ 8,840 ರೂಪಾಯಿ ಆಗುತ್ತದೆ. ಇದರಲ್ಲಿ ಸಂಸ್ಕರಣೆ, ಸಾಗಣೆ, ವ್ಯಾಪಾರಿಯ ಲಾಭವನ್ನು ಕಳೆಯಬೇಕು. ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಎಂದು ನೋಡುವ ಔಟ್‌ಟರ್ನ್ ಪರೀಕ್ಷೆಯನ್ನು ಕಣ್ಣೆದುರೇ ಮಾಡಿಸುವುದು ಮುಖ್ಯ. ದರದ ಚೌಕಾಸಿಗಿಂತ ಇಲ್ಲಿನ ಒಂದೆರಡು ಕಿಲೋ ವ್ಯತ್ಯಾಸವೇ ಎಷ್ಟೋ ಸಲ ದುಬಾರಿ.

ಅರೇಬಿಕಾಕ್ಕಾದರೆ ಸೆಂಟನ್ನು 100ರಿಂದ ಭಾಗಿಸಿ, 2.2046ರಿಂದ (ಒಂದು ಕಿಲೋಗೆ ಅಷ್ಟು ಪೌಂಡ್) ಗುಣಿಸಿ, ಬಳಿಕ ರೂಪಾಯಿಗೆ ಪರಿವರ್ತಿಸಬೇಕು.

ಮಾರುವ ದಿನವನ್ನು ನಿರ್ಧರಿಸುವಾಗ ಬ್ರೆಜಿಲ್ ಮತ್ತು ವಿಯೆಟ್ನಾಂನ ಹವಾಮಾನವನ್ನೂ ಗಮನಿಸಬೇಕು. 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳು ತೀವ್ರ ಹಿಮಕ್ಕೆ ತುತ್ತಾದಾಗ ನ್ಯೂಯಾರ್ಕ್ ದರ ಥಟ್ಟನೆ ಏರಿತ್ತು. ಡಾಲರ್ ಲೆಕ್ಕದ ಕಾಫಿ ದರ ಕದಲದಿದ್ದರೂ ರೂಪಾಯಿ ಬಲಗೊಂಡರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆ.