ಒಂದೂವರೆ ವರ್ಷದ ಮಗುವಿಗೆ ಮನೆಯಲ್ಲೇ ಬಣ್ಣದಾಟ

ಶುರುವಿಗೆ ಬಣ್ಣವೂ ಬೇಡ, ಕಾಗದವೂ ಬೇಡ. ನಮ್ಮ ಚಿಕ್ಕಬಳ್ಳಾಪುರದ ಕಡೆ ಮನೆ ಮುಂದೆ ಚಪ್ಪಡಿ ಕಲ್ಲು ಹಾಸಿರುತ್ತಾರಲ್ಲ, ಅದು ಸಾಕು. ಒಂದು ಲೋಟದಲ್ಲಿ ಅರ್ಧ ನೀರು, ಗೋಡೆಗೆ ಬಣ್ಣ ಹೊಡೆಯುವ ಎರಡಿಂಚಿನ ಹೊಸ ಬ್ರಶ್ಶು. ಒಣ ಕಲ್ಲಿನ ಮೇಲೆ ನೀರೆಳೆದ ಜಾಗ ಕಪ್ಪಗೆ ಕಾಣುತ್ತದೆ, ಬಿಸಿಲಿಗೆ ಆರಿ ಮಾಯವಾಗುತ್ತದೆ, ಮಗು ಮತ್ತೆ ಎಳೆಯುತ್ತದೆ. ಅಗ್ಗದ ಬ್ರಶ್ಶು ಕೂದಲು ಉದುರಿಸುತ್ತದೆ. ಕೊಡುವ ಮೊದಲು ತೊಳೆದು, ಬೆರಳಲ್ಲಿ ನಾಲ್ಕೈದು ಸಲ ಜೋರಾಗಿ ಎಳೆದು ನೋಡಿ. ಬೇಸಿಗೆಯಲ್ಲಿ ಕಲ್ಲು ಕಾಯುವ ಮುಂಚೆಯೇ ಮುಗಿಸಬೇಕು. ನೀರಿನ ಬಕೆಟ್ಟು ಮಾತ್ರ ಹತ್ತಿರ ಇರಲೇಬಾರದು.

ಒಳಗೆ ಮಾಡುವಾಗ ನೆಲಕ್ಕೆ ಪೇಪರ್ ಹಾಸಿದರೆ ಒದ್ದೆಯಾಗಿ ಹರಿಯುತ್ತದೆ, ಜಾರುತ್ತದೆ. ನಾನು ಬಳಸುವುದು ಹಳೆಯ ಫ್ಲೆಕ್ಸು, ಅಚ್ಚಾದ ಮುಖ ಕೆಳಗೆ. ಅದರ ಮೇಲೆ ಚಾರ್ಟ್ ಹಾಳೆ, ನಾಲ್ಕೂ ಮೂಲೆಗೆ ಟೇಪು. ಮೂಲೆ ಬಿಟ್ಟರೆ ಮಗುವಿನ ಗಮನವೆಲ್ಲ ಹಾಳೆ ಎತ್ತುವುದರಲ್ಲೇ ಹೋಗುತ್ತದೆ.

ಬೆರಳಲ್ಲಿ ಬಳಿಯುವ ಬಣ್ಣಕ್ಕೆ ಮೈದಾ ಹಿಟ್ಟನ್ನು ಸರಿಯಂತೆ ಕಾಯಿಸಿಕೊಳ್ಳಿ. ಕಾಲು ಕಪ್ ಮೈದಾಕ್ಕೆ ಒಂದು ಕಪ್ ನೀರು. ತಣ್ಣೀರಿನಲ್ಲೇ ಗಂಟಿಲ್ಲದಂತೆ ಕಲಸಿ ಆಮೇಲೆ ಒಲೆಗಿಡಿ. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಉಂಡೆಯ ಹೊರಗೆ ಬೆಂದು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿರಿ. ಮಗುವಿಗೆ ಉಣಿಸುವ ರಾಗಿ ಸರಿಗಿಂತ ಒಂದು ಹದ ತೆಳ್ಳಗಿರುವಾಗಲೇ ಇಳಿಸಬೇಕು, ಆರುತ್ತಾ ತಾನಾಗಿಯೇ ಗಟ್ಟಿಯಾಗುತ್ತದೆ. ಅರಿಶಿನವನ್ನು ಬಿಸಿಯಿರುವಾಗಲೇ ಬೆರೆಸಿ, ತಣ್ಣಗಿದ್ದರೆ ಚುಕ್ಕೆ ಚುಕ್ಕೆಯಾಗಿ ನಿಲ್ಲುತ್ತದೆ. ಬೀಟ್‌ರೂಟ್ ರಸ ಇದಕ್ಕೆ ತದ್ವಿರುದ್ಧ: ಬಿಸಿಗೆ ಬಣ್ಣ ಕೆಡುತ್ತದೆ, ಪೂರ್ತಿ ಆರಿದ ಮೇಲೆ ಹಾಕಬೇಕು. ಅಂಗಡಿಯ ಕುಂಕುಮ, ರಂಗೋಲಿ ಪುಡಿ ಬೇಡ. ಕುಂಕುಮದಲ್ಲಿ ಏನು ಬೆರೆಸಿರುತ್ತಾರೋ ಗೊತ್ತಾಗುವುದಿಲ್ಲ. ರಂಗೋಲಿ ಕಲ್ಲಿನ ಪುಡಿ, ಅದರ ದೂಳು ಉಸಿರಿಗೆ ಹೋಗುತ್ತದೆ.

ಒಂದು ಸಲಕ್ಕೆ ಎರಡೇ ಬಣ್ಣ. ನಾಲ್ಕಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲ ಕಲಸಿ ಸಗಣಿ ಬಣ್ಣ! ಉಳಿದ ಸರಿ ಫ್ರಿಜ್ಜಿನಲ್ಲಿ ಎರಡು ಮೂರು ದಿನ. ಹುಳಿ ವಾಸನೆ ಬಂದರೆ ಚೆಲ್ಲಿ.

ಅಚ್ಚಿಗೆ ಬೆಂಡೆಕಾಯಿಯ ತೊಟ್ಟಿನ ಕಡೆ ಒಳ್ಳೆಯದು, ಹಿಡಿಯಲು ತೊಟ್ಟೇ ಹಿಡಿ. ಎರಡಿಂಚು ಉಳಿಸಿ ಅಡ್ಡ ಕೊಯ್ದರೆ ಹೂವು ಬಂತು. ಲೋಳೆ ಒರೆಸಿ, ಬೀಜ ಕೆರೆದು ತೆಗೆಯಿರಿ. ಎಲ್ಲರೂ ಎಡವುವುದು ತಟ್ಟೆಗೆ ಬಣ್ಣ ಸುರಿಯುವುದರಲ್ಲಿ: ಅಚ್ಚು ಮುಳುಗಿ, ಹಾಳೆಯ ಮೇಲೆ ಹೂವಿನ ಬದಲು ಕೆಸರಿನ ಗುಂಡು ಬೀಳುತ್ತದೆ. ಒದ್ದೆ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟು, ಅದರ ಮೇಲೆ ಒಂದು ಚಮಚ ಬಣ್ಣ ಸವರಿ. ಶಿಡ್ಲಘಟ್ಟದ ಕಡೆಯವರಿಗೆ ಹಿಪ್ಪುನೇರಳೆ ಎಲೆ ಕೈಗೇ ಸಿಗುತ್ತದೆ. ಎಲೆಯ ಬೆನ್ನಿಗೆ ಬಣ್ಣ ಸವರಿ ಒತ್ತಿ, ನರಗಳು ಉಬ್ಬಿರುವುದು ಅಲ್ಲೇ. ಚೆಂಡುಹೂವೂ ಆಗುತ್ತದೆ, ಆದರೆ ತೋಟದ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಬಾಯಿಗಿಡುವ ವಯಸ್ಸಿನಲ್ಲಿ ನಾನಂತೂ ಕೊಡುವುದಿಲ್ಲ.

ಅವರೆ ಸೀಸನ್ನಿನಲ್ಲಿ ಮನೆ ತುಂಬ ಕಾಳಿರುತ್ತದೆ, ಅಂಟಿಸಿ ಚಿತ್ರ ಮಾಡೋಣ ಅನ್ನಿಸುತ್ತದೆ. ಮೂರು ವರ್ಷ ತುಂಬುವವರೆಗೂ ಬೇಡ. ಗಂಟಲಿಗೆ ಸಿಕ್ಕುವ ಭಯ ಒಂದು ಕಡೆ; ಮೂಗಿಗೆ ತುರುಕಿಕೊಂಡ ಕಾಳು ತೇವಕ್ಕೆ ಊದಿಕೊಂಡು ಹೊರಗೆ ಬರುವುದೇ ಕಷ್ಟ.

ಬಟ್ಟೆಗೆ ಅರಿಶಿನ ಹತ್ತಿದ ಜಾಗಕ್ಕೆ ಸೋಪು ಹಚ್ಚಿದರೆ ಕೆಂಪಾಗುತ್ತದೆ. ಅಜ್ಜಿಯರು ಗಾಬರಿಯಾಗುತ್ತಾರೆ, ಅದು ಸೋಪಿನ ಕ್ಷಾರಕ್ಕೆ ಆಗುವ ಬದಲಾವಣೆ ಅಷ್ಟೇ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿ, ಒಂದೆರಡು ದಿನದಲ್ಲಿ ಮಾಸುತ್ತದೆ. ಹಾಳೆಗಳನ್ನು ಮಾತ್ರ ಅಡುಗೆಮನೆ ಗೋಡೆಗೆ ಅಂಟಿಸಬೇಡಿ. ಮೈದಾ ವಾಸನೆಗೆ ರಾತ್ರಿಯೇ ಜಿರಳೆ ಬರುತ್ತದೆ.