ರಾತ್ರಿ ಇಳಿಯುವ ಕೆರೆ

ನಮ್ಮ ಊರು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದೆ. ನಾನು ವಿಜಯಪುರದಲ್ಲಿ ಡಿಪ್ಲೊಮಾ ಹುಡುಗರಿಗೆ ಸಿವಿಲ್ ಪಾಠ ಮಾಡುತ್ತೇನೆ, ಶನಿವಾರ ಸಂಜೆ ಊರಿಗೆ ಹೋಗುತ್ತೇನೆ. ಊರ ಕೆರೆಗೆ ಮಳೆನೀರು ಬರುವುದು ಅಷ್ಟಕ್ಕಷ್ಟೆ. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 600 ಮಿ.ಮೀ. ಹಾಗಾಗಿ ಆಲಮಟ್ಟಿ ಹಿನ್ನೀರಿನಿಂದ ಪಂಪ್ ಮಾಡಿ ಕೆರೆ ತುಂಬಿಸುತ್ತಾರೆ. ಆಲಮಟ್ಟಿ ತುಂಬಿದಾಗ 519.60 ಮೀಟರ್ ಮಟ್ಟದಲ್ಲಿ 123 ಟಿಎಂಸಿ ನೀರು. ನಮ್ಮ ಕೆರೆಯಲ್ಲಿ ತುಂಬಿದಾಗಲೂ 0.03 ಟಿಎಂಸಿ. ಅಷ್ಟರಲ್ಲೇ ಊರಿನ ಬೋರು, ಬಾವಿ, ದನ, ಮೀನು ಎಲ್ಲ ನಡೆಯಬೇಕು.

ಒಂದು ಭಾನುವಾರ ಕೆರೆ ಒಡ್ಡಿನ ಮೇಲೆ ಕಾಕಾ ಸಿಕ್ಕ. "ತಮ್ಮಾ, ನೀ ನೀರಿನ ಲೆಕ್ಕ ಕಲಸ್ತಿಯಂತಲ್ಲ. ಈ ಕೆರಿ ನೀರು ಎಷ್ಟ ದಿನ ಬರ್ತೈತಿ, ಅಷ್ಟ ಹೇಳು ನೋಡೋಣು" ಅಂದ.

ಅದೇನು ಮಹಾ ಅಂದುಕೊಂಡೆ. ಇಂಥ ಲೆಕ್ಕಕ್ಕೆ ನಮ್ಮವರು ಮಾಡೆಲ್ ಅನ್ನುತ್ತಾರೆ. ಮಾಡೆಲ್ ಅಂದ ಕೂಡಲೇ ದೊಡ್ಡ ಸಾಫ್ಟ್‌ವೇರ್ ನೆನಪಾಗುತ್ತದೆ. ನಾನೂ ಮೊದಲು ಹೆಕ್-ರಾಸ್ ಹಾಕಿಕೊಂಡೆ. ಅಮೆರಿಕದ ಸೇನಾ ಎಂಜಿನಿಯರುಗಳು ಮಾಡಿರುವುದು, ಪುಕ್ಕಟೆ ಸಿಗುತ್ತದೆ. ಆದರೆ ಅದು ಹೊಳೆಯಲ್ಲಿ ಹರಿಯುವ ನೀರಿಗೆ, ಪ್ರವಾಹಕ್ಕೆ. ನಿಂತ ಕೆರೆಗೆ ಅದೇಕೆ? ಎಕ್ಸೆಲ್ ಸಾಕು. ದಿನಕ್ಕೊಂದು ಸಾಲು. ನಿನ್ನೆ ಇದ್ದ ನೀರಿಗೆ ಬಂದದ್ದನ್ನು ಕೂಡಿಸಬೇಕು, ಆವಿಯಾದದ್ದು, ಇಂಗಿದ್ದು, ಬಳಸಿದ್ದು ಕಳೆಯಬೇಕು. ಮನೆ ಖರ್ಚಿನ ಲೆಕ್ಕದ ಹಾಗೆಯೇ.

ಮೊದಲ ತಲೆನೋವು ಕೆರೆಯ ಆಳ. ಹಳೆಯ ನಕ್ಷೆಯನ್ನು ನಂಬುವ ಹಾಗಿರಲಿಲ್ಲ, ಎಷ್ಟೋ ವರ್ಷದ ಹೂಳು ತುಂಬಿದೆ. ಮೀನು ಹಿಡಿಯುವ ಹುಡುಗನ ಥರ್ಮಾಕೋಲ್ ತೆಪ್ಪ ಹತ್ತಿದೆ. ಹಗ್ಗದ ತುದಿಗೆ ಕಲ್ಲು, ಕಾಲು ಮೀಟರಿಗೊಂದು ಗಂಟು. ಅವನು ಹುಟ್ಟು ಹಾಕುತ್ತಿದ್ದ, ನಾನು ಹಗ್ಗ ಬಿಟ್ಟು ಗಂಟು ಎಣಿಸಿ ಮೊಬೈಲಿನಲ್ಲಿ ಜಾಗ ಗುರುತಿಸುತ್ತಿದ್ದೆ. ಮೆತ್ತನೆ ಹೂಳಿನಲ್ಲಿ ಕಲ್ಲು ಇಳಿದು ಹೋಗುತ್ತಿತ್ತು, ತಳ ಎಲ್ಲಿ ಶುರು ಅಂತಲೇ ತಿಳಿಯದು. ಕೊನೆಗೆ ಕಲ್ಲು ತೆಗೆದು ಅಡುಗೆ ಮನೆಯ ಹಳೆ ಸ್ಟೀಲ್ ತಟ್ಟೆ ಕಟ್ಟಿದೆವು. ಹೂಳಿನ ಮೇಲೆ ಅದು ಕೂರುತ್ತದೆ. ಮನೆಯಲ್ಲಿ ಆ ತಟ್ಟೆಯನ್ನು ಇನ್ನೂ ಕೇಳುತ್ತಿದ್ದಾರೆ.

ಅಂಚಿನ ಭಾಗಕ್ಕೆ ಉಪಗ್ರಹದ ಚಿತ್ರ ಬಳಸಿದೆ. ಸೆಂಟಿನೆಲ್-2 ಚಿತ್ರಗಳು ಸುಮಾರು ಐದು ದಿನಕ್ಕೊಮ್ಮೆ ಸಿಗುತ್ತವೆ, ದುಡ್ಡಿಲ್ಲ. ನೀರು ಇಳಿದಂತೆಲ್ಲ ದಂಡೆಯ ಗೆರೆ ಒಳಕ್ಕೆ ಸರಿಯುತ್ತದೆ. ಆ ದಿನದ ಮಟ್ಟ ಗೊತ್ತಿದ್ದರೆ ಆ ಗೆರೆಯೇ ಒಂದು ಕಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ಲೆವೆಲ್ ಯಂತ್ರ ಹೊತ್ತು ಕೆಸರಿನಲ್ಲಿ ತಿರುಗುವುದು ತಪ್ಪಿತು. ಹೀಗೆ ಯಾವ ಮಟ್ಟಕ್ಕೆ ಎಷ್ಟು ವಿಸ್ತಾರ, ಎಷ್ಟು ನೀರು ಅನ್ನುವ ಪಟ್ಟಿ ಸಿದ್ಧವಾಯಿತು. ತುಂಬಿದಾಗ 40 ಹೆಕ್ಟೇರ್, ಮಾರ್ಚ್ ಶುರುವಿಗೆ 30.

ಆವಿಯ ಲೆಕ್ಕ ಸುಲಭ. ಹವಾಮಾನ ಕೇಂದ್ರಗಳಲ್ಲಿ ಅಗಲವಾದ ತಗಡಿನ ತೊಟ್ಟಿಯಲ್ಲಿ ನೀರಿಟ್ಟು ದಿನಕ್ಕೆ ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. ನಮ್ಮ ಕಡೆ ಮಾರ್ಚ್‌ನಲ್ಲಿ 8 ಮಿ.ಮೀ. ಹಿಡಿದೆ. ಬಿಸಿಲು ಏರಿದಂತೆ ಅದು ಹತ್ತು ದಾಟುತ್ತದೆ. ತಗಡು ಬೇಗ ಕಾಯುವುದರಿಂದ ತೊಟ್ಟಿಯ ನೀರು ಕೆರೆಗಿಂತ ಜೋರಾಗಿ ಆರುತ್ತದೆ, ಹಾಗಾಗಿ 0.7ರಿಂದ ಗುಣಿಸುವುದು ವಾಡಿಕೆ. ಅಂದರೆ ದಿನಕ್ಕೆ 5.6. ಇಂಗುವುದಕ್ಕೆ 2 ಮಿ.ಮೀ. ಸೇರಿಸಿದೆ. ತೂಬಿನ ಹೊಸ್ತಿಲಿನ ಮೇಲೆ ಇನ್ನೂ 1.2 ಮೀಟರ್ ನೀರಿತ್ತು. ಮುಂದಿನ ಬಿಸಿಲನ್ನೂ ಸೇರಿಸಿ ಲೆಕ್ಕ ಹಾಕಿದರೆ ಜೂನ್ ಕೊನೆವರೆಗೆ ತೊಂದರೆ ಇಲ್ಲ. ಕಾಕಾನಿಗೆ ಹಾಗೇ ಹೇಳಿಬಿಟ್ಟೆ.

ಎರಡು ವಾರ ಬಿಟ್ಟು ಬಂದು ನೋಡಿದರೆ ಕೆರೆ ದಿನಕ್ಕೆ 14 ಮಿ.ಮೀ. ಲೆಕ್ಕದಲ್ಲಿ ಇಳಿದಿದೆ. ನನ್ನ ಲೆಕ್ಕದ ಹತ್ತಿರ ಹತ್ತಿರ ಎರಡು ಪಟ್ಟು.

ಇಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆ. ಎಕ್ಸೆಲ್‌ನಲ್ಲಿ 0.7 ಇದ್ದ ಕಡೆ ಒಂದೊಂದೇ ಅಂಕಿ ಏರಿಸುತ್ತ ಹೋದೆ. 1.5ಕ್ಕೆ ಬಂದಾಗ ಅಳತೆಯ ಗೆರೆಯ ಮೇಲೆ ಲೆಕ್ಕದ ಗೆರೆ ಕೂತಿತು. ಎಷ್ಟು ಚೆಂದ ಕೂತಿತೆಂದರೆ ಪ್ರಿಂಟ್ ತೆಗೆದು ಸ್ಟಾಫ್ ರೂಮಿನಲ್ಲಿ ತೋರಿಸಿದೆ. ಎರಡು ದಿನ ಖುಷಿ. ಮೂರನೇ ದಿನ ಪಾಠ ಮಾಡುವಾಗ ನನ್ನ ಬಾಯಿಂದಲೇ ಬಂತು: ತಗಡಿನ ತೊಟ್ಟಿಗಿಂತ ಕೆರೆಯಲ್ಲಿ ಆವಿ ಕಡಿಮೆ. ಹಾಗಿದ್ದರೆ 1.5 ಎಲ್ಲಿಂದ ಬಂತು? ಬೇರೆ ಯಾವುದೋ ಬಾಬತ್ತಿನ ಖರ್ಚನ್ನು ಆವಿಯ ಖಾತೆಗೆ ಬರೆದಿದ್ದೆ, ಅಷ್ಟೆ. ಮಾಡೆಲ್ ಮಾಡುವವರು ಜಾಸ್ತಿ ಬೀಳುವುದು ಈ ಗುಂಡಿಗೇ. ಒಂದು ಅಂಕಿಯನ್ನು ಹಿಂಡಿದರೆ ಯಾವ ಗೆರೆಯಾದರೂ ಕೂರುತ್ತದೆ.

ಆವಿಯನ್ನೂ ಉಳಿದದ್ದನ್ನೂ ಬೇರೆ ಮಾಡುವುದು ಹೇಗೆ? ರಾತ್ರಿ ಬಿಸಿಲಿಲ್ಲ, ಆವಿ ಹಗಲಿಗಿಂತ ಕಡಿಮೆ. ಸಂಜೆ ಆರಕ್ಕೂ ಬೆಳಗ್ಗೆ ಆರಕ್ಕೂ ಮಟ್ಟ ಅಳೆದರೆ ರಾತ್ರಿಯ ಇಳಿತ ಸಿಗುತ್ತದೆ. ಆದರೆ ತೂಬಿನ ಕಂಬಕ್ಕೆ ಬಳಿದ ಗೇಜಿನಲ್ಲಿ ಸೆಂಟಿಮೀಟರ್ ಓದುವುದೇ ಕಷ್ಟ, ಗಾಳಿಗೆ ಅಲೆ ಬೇರೆ. ನಾಲ್ಕಿಂಚಿನ ಪಿವಿಸಿ ಪೈಪಿನ ಕೆಳತುದಿ ಮುಚ್ಚಿ, ಬುಡದಲ್ಲಿ ಎರಡು ಸಣ್ಣ ತೂತು ಹಾಕಿ, ತೂಬಿನ ಕಂಬಕ್ಕೆ ನೆಟ್ಟಗೆ ಬಿಗಿದೆ. ಹೊರಗೆ ಎಷ್ಟೇ ಅಲೆ ಇದ್ದರೂ ಪೈಪಿನೊಳಗೆ ನೀರು ತಣ್ಣಗೆ ನಿಲ್ಲುತ್ತದೆ. ಒಳಗೆ ಥರ್ಮಾಕೋಲ್ ಬಿಲ್ಲೆ, ಅದಕ್ಕೆ ಚುಚ್ಚಿದ ಸೈಕಲ್ ಕಡ್ಡಿ, ಕಡ್ಡಿಯ ಪಕ್ಕ 30 ಸೆಂ.ಮೀ. ಸ್ಟೀಲ್ ಸ್ಕೇಲ್. ಕಡ್ಡಿಯ ತುದಿ ಮಿಲಿಮೀಟರ್ ತೋರಿಸುತ್ತದೆ. ಮೂರು ವಾರಕ್ಕೊಮ್ಮೆ ಸ್ಕೇಲನ್ನು ಕೆಳಗೆ ಸರಿಸಬೇಕು. ಹೈಸ್ಕೂಲಿಗೆ ಹೋಗುವ ಅಣ್ಣನ ಮಗ ದಿನಕ್ಕೆ ಎರಡು ಸಲ ಫೋಟೊ ತೆಗೆದು ವಾಟ್ಸಾಪ್ ಮಾಡುತ್ತಿದ್ದ. ಪರೀಕ್ಷೆ ಇದ್ದ ದಿನವೂ ತಪ್ಪಿಸಲಿಲ್ಲ.

ಮೊದಲ ವಾರ ರಾತ್ರಿಯ ಇಳಿತ 7 ಮಿ.ಮೀ. ಕೆರೆ ಸೋರುತ್ತಿದೆ, ಒಡ್ಡಿಗೆ ಏನೋ ಆಗಿದೆ ಅಂತ ಗಾಬರಿಯಾಯಿತು. ಎರಡನೇ ವಾರ ಅದೇ ಇಳಿತ 2 ಮಿ.ಮೀ. ಸೋರುವ ಒಡ್ಡು ತಾನಾಗಿ ಮುಚ್ಚಿಕೊಳ್ಳುತ್ತದೆಯೇ? ಹುಡುಗ ಓದುವುದರಲ್ಲಿ ತಪ್ಪಿದನೇನೋ ಅಂದುಕೊಂಡು ಫೋಟೊಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಅವನು ಸರಿಯಿದ್ದ. ಮೂರನೇ ವಾರ ಮತ್ತೆ 7.

"ಅಪ್ಪೀ, ಹೋದ ವಾರ ಏನರ ಬ್ಯಾರೆ ಇತ್ತೇನೋ?" ಅಂತ ಫೋನಿನಲ್ಲಿ ಕೇಳಿದೆ.

"ಏನಿಲ್ಲ ಕಾಕಾ. ಹೋದ ವಾರ ಕರೆಂಟ್ ಹಗಲಿ ಪಾಳಿ ಇತ್ತು. ಈ ವಾರ ರಾತ್ರಿ ಪಾಳಿ" ಅಂದ.

ಹಳ್ಳಿಯಲ್ಲಿದ್ದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಪಾಳಿಯಲ್ಲಿ, ನಮ್ಮಲ್ಲಿ ಆಗ ಏಳು ತಾಸು. ಅಂದರೆ ಕೆರೆಗೇ ಮೋಟರ್ ಬಿದ್ದಿವೆ. 30 ಹೆಕ್ಟೇರ್ ಕೆರೆಯಲ್ಲಿ ಒಂದು ಮಿ.ಮೀ. ಅಂದರೆ ಮೂರು ಲಕ್ಷ ಲೀಟರ್. ವ್ಯತ್ಯಾಸದ 5 ಮಿ.ಮೀ. ಅಂದರೆ ದಿನಕ್ಕೆ ಹದಿನೈದು ಲಕ್ಷ. ಸೆಕೆಂಡಿಗೆ ಎಂಟು ಲೀಟರ್ ಎತ್ತುವ ಮೋಟರ್ ಏಳು ತಾಸಿಗೆ ಎರಡು ಲಕ್ಷ ಲೀಟರ್ ಎಳೆಯುತ್ತದೆ. ಏಳೆಂಟು ಮೋಟರ್. ದಂಡೆ ಮೇಲೆ ತಿರುಗಿ ಹುಡುಕುವ ಕೆಲಸವೇ ಇಲ್ಲ, ಸೈಕಲ್ ಕಡ್ಡಿ ಹೇಳಿಬಿಟ್ಟಿತ್ತು.

ಎಕ್ಸೆಲ್‌ನಲ್ಲಿ 0.7 ಮತ್ತೆ ತನ್ನ ಜಾಗಕ್ಕೆ ಬಂತು. ಇಂಗುವುದನ್ನು 3 ಮಾಡಿದೆ. ಹೊಸ ಕಾಲಮ್ಮಿಗೆ 'ತ್ರೀ ಫೇಸ್' ಅಂತ ಹೆಸರಿಟ್ಟೆ. ಆಗ ಇನ್ನೊಂದು ವಿಷಯ ಕಾಣಿಸಿತು. ಆವಿ ಕೆರೆ ದೊಡ್ಡದಿರಲಿ ಸಣ್ಣದಿರಲಿ ಮಿಲಿಮೀಟರ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೋಟರ್ ಹಾಗಲ್ಲ, ಅದಕ್ಕೆ ಲೀಟರ್ ಲೆಕ್ಕ. ಕೆರೆ 10 ಹೆಕ್ಟೇರಿಗೆ ಕುಗ್ಗಿದಾಗ ಅದೇ ಹದಿನೈದು ಲಕ್ಷ ಲೀಟರ್ ದಿನಕ್ಕೆ 15 ಮಿ.ಮೀ. ಇಳಿಸುತ್ತದೆ. ಕೊನೆಯ ನೀರು ಓಡಿಹೋದಂತೆ ಹೋಗುತ್ತದೆ. ಹೊಸ ಲೆಕ್ಕದಲ್ಲಿ ನೀರು ಮೇ ಮಧ್ಯದವರೆಗೆ ಮಾತ್ರ. ಅಷ್ಟರಲ್ಲಿ ಮೀನಿನ ಹುಡುಗನೂ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿವೆ ಅನ್ನುತ್ತಿದ್ದ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತಳ ಮುಟ್ಟಿರುತ್ತದೆ, ನೀರು ಕಡಿಮೆಯಾದಷ್ಟೂ ಅದು ಜೋರು.

ಇದನ್ನು ಊರಿಗೆ ಹೇಳುವುದು ಹೇಗೆ? ಮೋಟರ್ ಯಾರವು ಅಂತ ನನಗೂ ಗೊತ್ತು, ಅದರಲ್ಲಿ ಒಬ್ಬರು ನಮ್ಮ ಸಂಬಂಧಿಕರೇ. ಹಣಮಪ್ಪನ ಗುಡಿ ಕಟ್ಟೆಗೆ ಎರಡು ಗೆರೆಯ ಒಂದು ಹಾಳೆ ತಂದೆ. ಒಂದು ಗೆರೆ ಮೇ ಮಧ್ಯಕ್ಕೆ ನೆಲ ಮುಟ್ಟುತ್ತದೆ, ಇನ್ನೊಂದು ಜೂನ್ ದಾಟುತ್ತದೆ. ನಡುವಿನ ವ್ಯತ್ಯಾಸಕ್ಕೆ 'ರಾತ್ರಿ ಪಾಳಿ, ಹಗಲು ಪಾಳಿ' ಅಂತಷ್ಟೇ ಬರೆದಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬರು, "ಮಾಸ್ತರ ಮನ್ಯಾಗ ಕುಂತ ನಮ್ಮ ಮೋಟರ್ ಎಣಿಸ್ಯಾನಲ್ರೆಪಾ" ಅಂದರು. ನಕ್ಕರು. ನಕ್ಕಿದ್ದಕ್ಕೆ ಬಚಾವಾದೆ.

ಮೋಟರ್ ಎಲ್ಲ ನಿಂತವು ಅಂತ ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ಪಾಳಿಯ ಇಳಿತ 7ರಿಂದ 4ಕ್ಕೆ ಬಂತು. ನೀರು ಜೂನ್ ಮೊದಲ ವಾರದವರೆಗೆ ನಿಂತಿತು.

ಆ ವಾರವೇ ಒಂದು ಸಂಜೆ 40 ಮಿ.ಮೀ. ಮಳೆ ಹೊಡೆಯಿತು. ಮಳೆ ಎಷ್ಟು ಬಿದ್ದರೆ ಎಷ್ಟು ಹರಿದು ಬರುತ್ತದೆ ಅನ್ನುವುದಕ್ಕೆ ಕರ್ವ್ ನಂಬರ್ ಅನ್ನುವ ಅಮೆರಿಕದ ಪದ್ಧತಿ ಇದೆ. ನೆಲಕ್ಕೊಂದು ಅಂಕಿ, ಅಂಕಿ ದೊಡ್ಡದಾದಷ್ಟೂ ಹರಿಯುವ ನೀರು ಜಾಸ್ತಿ. ಎರೆ ಮಣ್ಣಿಗೆ 85 ಹಿಡಿದಿದ್ದೆ. ಅದರ ಪ್ರಕಾರ ಸುತ್ತಲಿನ ಹೊಲಗಳಿಂದ 12.7 ಮಿ.ಮೀ. ಹರಿದು ಬರಬೇಕು, ಕೆರೆ ಚೆನ್ನಾಗಿಯೇ ಏರಬೇಕು. ಬೆಳಗ್ಗೆ ಒಡ್ಡಿಗೆ ಓಡಿದೆ. ಕಾಕಾ ಆಗಲೇ ಅಲ್ಲಿದ್ದ.

"ಎಷ್ಟ ಬಂತೋ?"

ಕಡ್ಡಿ ನೋಡಿದೆ. 40 ಮಿ.ಮೀ. ಕೆರೆಯ ಮೇಲೆ ನೇರವಾಗಿ ಬಿದ್ದದ್ದು ಬಿಟ್ಟರೆ ಹೊರಗಿನಿಂದ ಏನೂ ಬಂದಿಲ್ಲ.

ಕಾಕಾ ಪಕ್ಕದ ಹೊಲ ತೋರಿಸಿದ. ಬೇಸಿಗೆಗೆ ಬಿಟ್ಟ ಬಿರುಕಿನಲ್ಲಿ ಕೈ ಇಟ್ಟರೆ ಮೊಳಕೈವರೆಗೆ ಇಳಿಯುತ್ತಿತ್ತು. "ಎರಿ ಹೊಲ ಮೊದಲ ಬಾಯಿ ಮುಚ್ಚಬೇಕೋ ತಮ್ಮಾ, ಆಮ್ಯಾಲ ಹಳ್ಳಕ್ಕ ನೀರು ಬಿಡತೈತಿ" ಅಂದ.

ಆ ಪದ್ಧತಿಯಲ್ಲೇ ಒಣ ನೆಲಕ್ಕೆ ಬೇರೆ ಅಂಕಿ ಇದೆ, 85 ಇದ್ದದ್ದು 70 ಆಗುತ್ತದೆ. ನಮ್ಮ ದೇಶದ ಕೈಪಿಡಿಗಳು ಒಣಗಿದ ಎರೆ ಮಣ್ಣು ಮೊದಲಿಗೆ ಕುಡಿಯುವ ನೀರನ್ನೂ ಜಾಸ್ತಿ ಹಿಡಿಯುತ್ತವೆ. ಅವೆರಡನ್ನೂ ಹಾಕಿ ಅದೇ 40 ಮಿ.ಮೀ. ಮಳೆಗೆ ಮತ್ತೆ ಲೆಕ್ಕ ಮಾಡಿದೆ. 12.7 ಇದ್ದದ್ದು ಅರ್ಧ ಮಿ.ಮೀ.ಗೆ ಬಂದು ನಿಂತಿತು.