ಒಂದೇ ಅಪ್ಪನ ಮಕ್ಕಳು: ಪರಾವಸು, ಅರವಸುವನ್ನು ರಂಗಕ್ಕೆ ತಂದಾಗ

ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ' ಮಾಡಿಸೋಣ ಅಂದ ಕೂಡಲೇ ನಮ್ಮ ಹವ್ಯಾಸಿ ತಂಡದವರು ತಾವೇ ಪಾತ್ರ ಹಂಚಿಬಿಟ್ಟರು. ಗಡಸು ದನಿಯ ಗಡ್ಡದ ಹುಡುಗ ಅಣ್ಣ ಪರಾವಸು. ತೆಳ್ಳಗಿನ ನಗುಮುಖದವನು ತಮ್ಮ ಅರವಸು. ನನಗೆ ಅದು ಬೇಡವಾಗಿತ್ತು. ಪರದೆ ಸರಿದ ತಕ್ಷಣ ಯಾರು ಹೇಗೆ ಅಂತ ಗೊತ್ತಾಗಿಬಿಟ್ಟರೆ ನಟರಿಗೆ ಮಾಡಲು ಏನು ಉಳಿಯುತ್ತದೆ?

ಎತ್ತರ, ಮೈಕಟ್ಟು ಹೆಚ್ಚುಕಡಿಮೆ ಒಂದೇ ಇರುವ ಇಬ್ಬರನ್ನು ಆರಿಸಿಕೊಂಡೆ. ರೀಡಿಂಗ್ ಸಮಯದಲ್ಲಿ ಪಾತ್ರ ಅದಲು ಬದಲು ಮಾಡಿ ಓದಿಸಿದೆ. ಕೂರುವ ರೀತಿ, ಆಚಮನ ಮಾಡುವ ಕೈ, ಉತ್ತರೀಯ ಎಳೆದುಕೊಳ್ಳುವುದು ಎಲ್ಲ ಇಬ್ಬರಿಗೂ ಒಂದೇ ಥರ ಬರಬೇಕೆಂದು ಹಟ ಹಿಡಿದೆ. ಇಬ್ಬರೂ ಅಪ್ಪ ರೈಭ್ಯನ ಮನೆಯಲ್ಲೇ ಬೆಳೆದವರು ಅಲ್ವಾ? ಅಣ್ಣತಮ್ಮಂದಿರು ಅಂತ ಮೊದಲು ಅನ್ನಿಸಲಿ, ಬೇರೆ ಬೇರೆ ಅಂತ ಆಮೇಲೆ.

ಬೇರೆಯಾಗುವುದನ್ನು ನೋಟಕ್ಕೆ ಬಿಟ್ಟೆ. ಅರವಸು ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡುತ್ತಾನೆ. ಪರಾವಸು ಎದುರಿದ್ದವರ ಭುಜದ ಆಚೆ ಎಲ್ಲೋ ನೋಡುತ್ತಾನೆ. ಮಳೆಗಾಗಿ 7 ವರ್ಷದಿಂದ ಯಜ್ಞ ನಡೆಸುತ್ತಿರುವವನು ಅವನು. ಹೆಂಡತಿ ವಿಶಾಖಾ ಮನೆಯಲ್ಲೇ ಉಳಿದಿದ್ದಾಳೆ. ಅವನ ಕಣ್ಣಿಗೆ ದೇವರು ಕಾಣಬಹುದು, ಪಕ್ಕದಲ್ಲಿರುವ ಮನುಷ್ಯ ಕಾಣುವುದಿಲ್ಲ.

ಅಪ್ಪನ ಕೊಲೆಯ ದೃಶ್ಯಕ್ಕೆ ಜಾಸ್ತಿ ತಾಲೀಮು ಬೇಕಾಯಿತು. ಮಹಾಭಾರತದ ವನಪರ್ವದ ಕಥೆಯಲ್ಲಿ ಪರಾವಸು ಕತ್ತಲಲ್ಲಿ ಅಪ್ಪನನ್ನು ಮೃಗ ಎಂದುಕೊಂಡು ಕೊಲ್ಲುತ್ತಾನೆ. ಕಾರ್ನಾಡರು ಅವನಿಗೆ ಆ ರಿಯಾಯಿತಿ ಕೊಟ್ಟಿಲ್ಲ. ಇಲ್ಲಿ ಅವನು ಗೊತ್ತಿದ್ದೇ ಕೊಲ್ಲುತ್ತಾನೆ. ಆಮೇಲೆ ಕ್ರಿಯಾಕರ್ಮ, ಪ್ರಾಯಶ್ಚಿತ್ತ ಎಲ್ಲ ತಮ್ಮನ ತಲೆಗೆ ಹಾಕಿ ಯಜ್ಞಕ್ಕೆ ಮರಳುತ್ತಾನೆ. ನಮ್ಮ ನಟ ಇಲ್ಲಿ ನಡುಗಲು ಶುರುಮಾಡಿದ. ಬೇಡಪ್ಪ ಅಂದೆ. ನಾಳೆ ಸೌದೆ ಯಾರು ತರಬೇಕು ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಆ ದನಿ ಸಾಕು. ಹೆಣ ಮುಟ್ಟುವುದು ಅರವಸು ಮಾತ್ರ. ಅಣ್ಣ ನಿಂತೇ ಹೇಳುತ್ತಾನೆ, ತಮ್ಮ ಅಪ್ಪನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಕೇಳಿಸಿಕೊಳ್ಳುತ್ತಾನೆ. ಪರಾವಸು ದನಿ ಎತ್ತಿದ್ದು ನಮ್ಮ ಪ್ರದರ್ಶನದಲ್ಲಿ ಒಂದೇ ಕಡೆ. ಕರ್ಮ ಮುಗಿಸಿ ಬಂದ ತಮ್ಮನನ್ನೇ ರಾಕ್ಷಸ ಎಂದು ಯಜ್ಞಶಾಲೆಯಿಂದ ಹೊರಗೆ ಹಾಕಿಸುವಾಗ.

ನಿಜವಾಗಿ ಕಷ್ಟದ ಪಾತ್ರ ಅರವಸು. ಸ್ವಲ್ಪ ಸಡಿಲ ಬಿಟ್ಟರೂ ಅವನು 'ಪಾಪ, ಒಳ್ಳೆ ಹುಡುಗ' ಆಗಿಬಿಡುತ್ತಾನೆ. ಒಳ್ಳೆ ಹುಡುಗನನ್ನು ಎರಡೂವರೆ ತಾಸು ಯಾರು ನೋಡುತ್ತಾರೆ? ಅವನಿಗೆ ಆಸೆಗಳಿವೆ. ನಟನಾಗಬೇಕು, ಬೇಡರ ಹುಡುಗಿ ನಿತ್ತಿಲೆಯನ್ನು ಮದುವೆಯಾಗಬೇಕು. ಅದಕ್ಕೇ ಮೊದಲರ್ಧದಲ್ಲಿ ಅವನನ್ನು ಕುಣಿಸಿದೆ, ಜೋರಾಗಿ ನಗಿಸಿದೆ. ದಾಯಾದಿ ಯವಕ್ರಿಯ ಹೆಣ ಸುಟ್ಟು ಬರುವಷ್ಟರಲ್ಲಿ ಮದುವೆ ಮಾತುಕತೆಗೆ ತಡವಾಗಿ, ಅವನು ನಿತ್ತಿಲೆಯನ್ನು ಕಳೆದುಕೊಳ್ಳುತ್ತಾನೆ. ಮೊದಲು ನಕ್ಕವನಾದ್ದರಿಂದಲೇ ಆ ಏಟು ಪ್ರೇಕ್ಷಕರಿಗೂ ತಾಗಿತು.

ನಾಟಕದೊಳಗಿನ ನಾಟಕದಲ್ಲಿ ಇಂದ್ರ, ವಿಶ್ವರೂಪ, ವೃತ್ರ ಬರುತ್ತಾರೆ. ಅವರೂ ಅಣ್ಣತಮ್ಮಂದಿರೇ! ಅರವಸು ವೃತ್ರನ ಮುಖವಾಡ ಹಾಕಿಕೊಳ್ಳುತ್ತಾನೆ. ಇಂದ್ರ ಮೋಸದಿಂದ ವಿಶ್ವರೂಪನನ್ನು ಕೊಲ್ಲುವುದನ್ನು ಪರಾವಸು ಕೂತು ನೋಡುತ್ತಾನೆ. ಬಹಳ ಪ್ರದರ್ಶನಗಳಲ್ಲಿ ಅವನನ್ನು ಹಿಂದೆ ಎಲ್ಲೋ ಕೂರಿಸಿ ಮರೆಯುತ್ತಾರೆ. ನಾನು ಅವನನ್ನು ಬಲಕ್ಕೆ, ಮುಂದೆ, ಪ್ರೇಕ್ಷಕರಿಗೆ ಮುಖ ಕಾಣುವಂತೆ ಕೂರಿಸಿದೆ. ಲೈಟಿಂಗ್ ಹುಡುಗನಿಗೆ ಹೇಳಿದ್ದಿಷ್ಟೆ: ವೃತ್ರನ ಮೇಲೆ ಎಷ್ಟು ಬೆಳಕು ಇದೆಯೋ ಅಷ್ಟೇ ಇವನ ಮೇಲೂ ಇರಲಿ. ಅಲ್ಲಿ ಮೊದಲ ಸಲ ಅಣ್ಣ ತಮ್ಮನನ್ನು ನೆಟ್ಟ ಕಣ್ಣಿನಿಂದ ನೋಡುತ್ತಾನೆ. ಆ ಹೊತ್ತಿಗೆ ತಮ್ಮನ ಮುಖವೇ ಕಾಣುವುದಿಲ್ಲ, ಮುಖವಾಡ ಇದೆ.

ಕೊನೆಗೆ ಪರಾವಸು ಉರಿಯುವ ಯಜ್ಞಶಾಲೆಯೊಳಗೆ ನಡೆದುಹೋಗುತ್ತಾನೆ. ಇದು ಪಶ್ಚಾತ್ತಾಪವೋ, ಸೊಕ್ಕೋ ಅಂತ ನಟ ಕೇಳಿದ. ನಾನು ಉತ್ತರ ಕೊಡಲಿಲ್ಲ. ಓಡಬೇಡ, ತಿರುಗಿ ನೋಡಬೇಡ ಅಂತಷ್ಟೇ ಹೇಳಿದೆ. ಪ್ರದರ್ಶನ ಮುಗಿದ ಮೇಲೆ ಗ್ರೀನ್ ರೂಮಿಗೆ ಬಂದವರಲ್ಲಿ ಇದೇ ಜಗಳ. ಅಣ್ಣ ಪಾಪದವನು ಅಂತ ಕೆಲವರು, ಕಡೆಗೂ ತಪ್ಪಿಸಿಕೊಂಡ ಅಂತ ಇನ್ನು ಕೆಲವರು. ಇಬ್ಬರು ನಟರೂ ಈಗ ಮುಂದಿನ ಪ್ರದರ್ಶನದಲ್ಲಿ ಪಾತ್ರ ಬದಲಾಯಿಸಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ನನಗೇನೂ ಅಡ್ಡಿಯಿಲ್ಲ, ಆದರೆ ಮತ್ತೆ ಮೊದಲಿಂದ ತಾಲೀಮು ಮಾಡಬೇಕು.